ಹಾಸುಬೀದಿಯ ಒಂಬತ್ತು ಕೊಂಡಿ

ಝಲ್ಲೆಂದು ಒಂದು ಸದ್ದು. ಅರವತ್ತಾರು ಅಡಿಯ, ನೂರು ಕೊಂಡಿಯ ಕಬ್ಬಿಣದ ಸರಪಳಿ ಕಟ್ಟು ಬಿಚ್ಚಿಕೊಂಡು, ಗಾಳಿಯಲ್ಲಿ ಒಮ್ಮೆ ಹಾರಿ, ನೆಲಕ್ಕೆ ಬೀಳುವ ಸದ್ದು. ಮೊದಲು ಜೋರಾಗಿ, ಆಮೇಲೆ ಒಂದೊಂದೇ ಕೊಂಡಿ ಮಣ್ಣು ಮುಟ್ಟುತ್ತಾ ಮೆತ್ತಗಾಗಿ, ಕಡೆಗೆ ಹತ್ತು ಕೊಂಡಿಗೊಂದರಂತೆ ಗುರುತಿಗೆ ಕಟ್ಟಿದ ಹಿತ್ತಾಳೆಯ ಬಿಲ್ಲೆಯೊಂದು ಕಲ್ಲಿಗೆ ತಾಗಿ ಟಣ್ಣೆಂದು ನಿಂತಿತು.

ಕೊಳ್ಳೇಗಾಲದ ಸರ್ವೆ ಕಚೇರಿಯ ಅಂಗಳದಲ್ಲಿ ಸರಪಳಿಯ ಎರಡೂ ಹಿಡಿಗಳನ್ನು ಎಡಗೈಯಲ್ಲಿ ಹಿಡಿದು ನಿಂತಿದ್ದ ಜಡೇಸ್ವಾಮಿಯ ಮುಖ ಅರಳಿತು. ಮೀಟರಿನ ಲೆಕ್ಕ ಬಂದ ಮೇಲೆ ಈ ಹಳೆಯ ಚೈನು ಕೊಠಡಿಯ ಮೂಲೆಯಲ್ಲಿ ಮಲಗಿ ಐದಾರು ವರ್ಷವಾಗಿತ್ತು.

"ಏನ್ಲಾ, ಮದ್ವೆ ಗಂಡಿನಂಗೆ ನಗ್ತಾ ನಿಂತಿದ್ದೀಯಲ್ಲ" ಎಂದ ಹನುಮಯ್ಯ. ಮಧುವನಹಳ್ಳಿಯವನು. ಚೈನಿನ ಒಂದು ತುದಿ ಜಡೇಸ್ವಾಮಿ ಹಿಡಿದರೆ ಇನ್ನೊಂದು ತುದಿ ಹಿಡಿಯುವವನು ಇವನೇ, ಇಪ್ಪತ್ತು ವರ್ಷಗಳಿಂದ.

"ಇದರ ದನಿ ಕೇಳಿ ಎಷ್ಟ್ ದಿನ ಆಗಿತ್ತು ಕಣ್ಲಾ."

"ದನಿಯಂತೆ. ಗುರುಸಿದ್ದಮ್ಮನ ದನಿ ಕೇಳ್ದಾಗ ಇಂಗೆ ನಗ್ತೀಯಾ? ಕೇಳ್ತೀನಿ ತಡಿ ಅವಳನ್ನ."

ಜಡೇಸ್ವಾಮಿಯ ಊರು ಶಾಗ್ಯ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಹೊಲದ ಬದುವಿನ ಮೇಲೆ ಕುಳಿತು ರೊಟ್ಟಿ ತಿನ್ನುತ್ತಿದ್ದಾಗ, ಗಡಿಕಲ್ಲು ಸಿಗದೆ ಒದ್ದಾಡುತ್ತಿದ್ದ ಸರ್ವೆಯವರು ಕಣ್ಣಿಗೆ ಬಿದ್ದರು. ಹೋಗಿ, ಮುಳ್ಳುಪೊದೆಯ ಬುಡ ಕೆದಕಿ, ಕಲ್ಲು ತೋರಿಸಿ, ವಾಪಸು ಬಂದು ಉಳಿದ ರೊಟ್ಟಿ ತಿಂದ. ಅವರು ಅವನನ್ನು ಜೊತೆಗೇ ಕರೆದುಕೊಂಡು ಹೋದರು. ಆಗ ಈ ಸೀಮೆಯೆಲ್ಲ ಮದರಾಸಿನವರದು. ಕೊಂಡಿ ಎಣಿಸುವುದು ತಮಿಳಿನಲ್ಲಿ, ಬೈಸಿಕೊಳ್ಳುವುದು ಇಂಗ್ಲಿಷಿನಲ್ಲಿ, ಬೆವರೊರೆಸಿಕೊಂಡು ನಗುವುದು ಮಾತ್ರ ಕನ್ನಡದಲ್ಲಿ. ಎರಡು ವರ್ಷಕ್ಕೆ ಅವನ ಹೆಜ್ಜೆ ಅಳತೆಗೆ ಬಂತು. ಒಂದು ಹೆಜ್ಜೆಗೆ ನಾಲ್ಕು ಕೊಂಡಿ, ಕೂದಲೆಳೆಯಷ್ಟೂ ಹೆಚ್ಚು ಕಮ್ಮಿ ಇಲ್ಲ. ಹೆಣ್ಣು ನೋಡಲು ಹನೂರಿಗೆ ಹೋದವನು, ಕೈಕಾಲು ತೊಳೆದು ಕೂರುವ ಮೊದಲೇ, "ಬಸ್ಸು ನಿಲ್ಲೋ ತಾವಿಂದ ನಿಮ್ಮಟ್ಟಿಗೆ ಅನ್ನೊಂದು ಚೈನು, ನಲವತ್ತು ಕೊಂಡಿ ಕಣ್ರಿ" ಎಂದು ಹೆಣ್ಣಿನ ಅಪ್ಪನಿಗೆ ಹೇಳಿದ್ದ. ಬಾಗಿಲ ಮರೆಯಿಂದ ಕಿಸಕ್ಕೆಂದು ನಕ್ಕವಳೇ ಗುರುಸಿದ್ದಮ್ಮ. ಆ ನಗುವಿಗೇ ಅವನು ಒಪ್ಪಿದ. ಮುದ್ದೆ ಕಟ್ಟುವಾಗೆಲ್ಲ ಅವಳು, "ತಕೋ, ಅಳ್ದು ನೋಡು, ಆಮ್ಯಾಕೆ ಉಣ್ಣು" ಎಂದು ಇಂದಿಗೂ ಕೆಣಕುತ್ತಾಳೆ.

ಈ ಸೀಮೆಯಲ್ಲಿ ಅವನಿಗೊಂದು ಹೆಸರಿತ್ತು. ಅಣ್ಣತಮ್ಮಂದಿರು ಬದುವಿಗಾಗಿ ಜಗಳವಾಡಿದರೆ, "ಯಾರಾರಾ ಬರ್ಲಿ, ಚೈನು ಮಾತ್ರ ಜಡೇಸ್ವಾಮಿ ಹಿಡೀಲಿ" ಎನ್ನುತ್ತಿದ್ದರು. ಅವನು ಅಳೆದ ಮೇಲೆ ಸೋತವನೂ ಅವನ ಮನೆಗೆ ಬಂದು ಮಜ್ಜಿಗೆ ಕುಡಿದು ಹೋಗುತ್ತಿದ್ದ. ನೌಕರಿಗೆ ಇನ್ನು ಮೂರು ವರ್ಷವಿತ್ತು. ಈ ಹೆಸರಿನೊಂದಿಗೇ ಮನೆಗೆ ಹೋಗಬೇಕೆಂಬುದೊಂದೇ ಅವನ ಆಸೆ.

೧೯೬೮ರ ಫೆಬ್ರವರಿಯ ಆ ಬೆಳಿಗ್ಗೆ ಹಳೆಯ ಚೈನು ಹೊರಬರಲು ಕಾರಣ, ಹಿಂದೆ ಹೇಗೆ ಅಳೆಯುತ್ತಿದ್ದರೆಂದು ನೋಡಬಯಸಿದ ಒಬ್ಬ ಅತಿಥಿ. ಸಣ್ಣ ಊರುಗಳು ಬೆಳೆಯುವಾಗ ನೆಲವನ್ನು ಹೇಗೆ ಹಂಚಿಕೊಳ್ಳಬೇಕು ಎಂಬುದರ ಮೇಲೆ ಮೈಸೂರಿನಲ್ಲಿ ಒಂದು ಸಭೆ ನಡೆದಿತ್ತು. ಎಂಟು ದೇಶದವರು ಬಂದಿದ್ದರು. ಸಭೆ ಮುಗಿದ ಮೇಲೆ ಒಬ್ಬೊಬ್ಬರನ್ನು ಒಂದೊಂದು ಊರಿಗೆ ಕಳಿಸಿದರು, ಇಲ್ಲಿಯದನ್ನು ಅವರು ನೋಡಲಿ, ಅಲ್ಲಿಯದನ್ನು ನಮಗೆ ಹೇಳಲಿ ಎಂದು. ಕೊಳ್ಳೇಗಾಲದ ಪಾಲಿಗೆ ಬಂದವರು ಜಪಾನಿನ ಮಿಜುನೋ. ಕುಳ್ಳಗೆ, ನರೆಗೂದಲ, ಕೊರಳಲ್ಲಿ ಕ್ಯಾಮೆರಾ, ಕೈಯಲ್ಲಿ ಚೌಕ ಗೆರೆಯ ಪುಸ್ತಕ. ಅವರನ್ನು ಕರೆತಂದವರು ಊರಿನ ಹೊಸ ನಕ್ಷೆ ಬರೆಯುತ್ತಿದ್ದ ಅಧಿಕಾರಿ ಗುರುಪಾದಸ್ವಾಮಿ.

ಗುರುಪಾದಸ್ವಾಮಿಯವರು ಮೇಜನ್ನು ಅಂಗಳಕ್ಕೇ ತರಿಸಿ ನಕ್ಷೆ ಹರಡಿದರು. ಅತಿಥಿಗೆ ಇಂಗ್ಲಿಷಿನಲ್ಲಿ ಹೇಳಿದ್ದನ್ನೇ ಉತ್ಸಾಹಕ್ಕೆ ಕನ್ನಡದಲ್ಲೂ ಹೇಳಿದರು.

"ನೋಡಿ, ಇದು ನೇಕಾರರ ಹಾಸುಬೀದಿ. ಹನ್ನೊಂದು ವರ್ಷದ ಹಿಂದಿನ ಅಳತೆಯಲ್ಲಿ ಬೀದಿಯ ಅಗಲ ಇಪ್ಪತ್ತೊಂದು ಕೊಂಡಿ. ಅಂದರೆ ಹದಿನಾಲ್ಕು ಅಡಿ. ಆದರೆ ಸ್ಥಳದಲ್ಲಿ ಇಪ್ಪತ್ತು ಅಡಿ ಇದೆ. ಎರಡೂ ಕಡೆಯ ಮನೆಗಳ ಪತ್ರ ತೆಗೆಸಿದೆ, ಯಾರ ಪತ್ರದಲ್ಲೂ ಮಿಕ್ಕ ಆರು ಅಡಿ ಇಲ್ಲ. ಒಬ್ಬರನ್ನೂ ಎಬ್ಬಿಸದೆ, ಒಂದು ಗೋಡೆ ಕೆಡವದೆ ಊರಿಗೆ ನೆಲ ಸಿಕ್ಕಿತು. ಅಲ್ಲಿ ಹತ್ತು ಅಂಗಡಿ ಕಟ್ಟಿಸೋಣ ಅಂತಿದ್ದೇನೆ."

ಮಿಜುನೋ ತಲೆದೂಗಿ ಬರೆದುಕೊಂಡರು. ಜಡೇಸ್ವಾಮಿಯ ಕೈಯಲ್ಲಿದ್ದ ಹಿತ್ತಾಳೆಯ ಹಿಡಿ ತಣ್ಣಗಾದಂತಾಯಿತು. ಅವನು ಹನುಮಯ್ಯನ ಕಡೆ ನೋಡಿದ. ಹನುಮಯ್ಯ ಆಕಾಶ ನೋಡುತ್ತಿದ್ದ.

ಆ ಆರು ಅಡಿ ಎಲ್ಲಿಂದ ಬಂತೆಂಬುದು ಲೋಕದಲ್ಲಿ ಅವರಿಬ್ಬರಿಗೆ ಮಾತ್ರ ಗೊತ್ತಿತ್ತು.

ಅದು ಕೊಳ್ಳೇಗಾಲ ಮದರಾಸಿನಿಂದ ಮೈಸೂರಿಗೆ ಸೇರಿದ ಮರುವರ್ಷ. ಹಳೆಯ ತಮಿಳು ನಕ್ಷೆಗಳು ಮಡಿಕೆಯಲ್ಲೇ ಹರಿದಿದ್ದವು, ಹೊಸದು ಬರೆಯಬೇಕಿತ್ತು. ಹಾಸುಬೀದಿಗೆ ಹೋದಾಗ ಬೀದಿಯ ನಡುವೆ ಎರಡು ಹಾಸು ಎಳೆದು ಕಟ್ಟಿದ್ದರು. ಹಾಸು ಎಂದರೆ ಸೀರೆಯ ಉದ್ದದ ಎಳೆಗಳು. ನಲವತ್ತು ಗಜ ಉದ್ದಕ್ಕೆ, ಮೊಣಕಾಲೆತ್ತರದಲ್ಲಿ, ಬಿದಿರ ಕಡ್ಡಿಗಳ ಮೇಲೆ ರೇಷ್ಮೆ ನೂಲನ್ನು ಬಿಗಿದು, ಎರಡೂ ಬದಿಗೆ ಹೆಂಗಸರು ಗಂಡಸರು ನಿಂತು ಕಿತ್ತ ಎಳೆ ಕೂಡಿಸುತ್ತಾರೆ. ಬಿಗಿದ ಹಾಸನ್ನು ಯಾರೂ ದಾಟುವುದಿಲ್ಲ. ಮಗುವಾದರೂ ಸುತ್ತಿಕೊಂಡೇ ಬರಬೇಕು. ಅದರ ಕೆಳಗೆ ನುಸುಳುವುದೂ ಇಲ್ಲ, ಕಬ್ಬಿಣ ಹಾಯಿಸುವುದಂತೂ ಇಲ್ಲವೇ ಇಲ್ಲ. ಮೈಮೇಲೆ ಉಡುವ ವಸ್ತ್ರ, ಅದರ ಮೇಲೆ ಕಾಲೆತ್ತಬಾರದು.

ಜಡೇಸ್ವಾಮಿ ಮೂಡಲ ಗೋಡೆಯಿಂದ ಹಾಸಿನ ಅಂಚಿನವರೆಗೆ ಅಳೆದು "ಅನ್ನೊಂದು" ಎಂದು ಕೂಗಿದ್ದ. ಆಮೇಲೆ ಚೈನು ಹೊತ್ತು ಬೀದಿ ಸುತ್ತಿ ಆಚೆ ಹೋದ ಹನುಮಯ್ಯ, ಪಡುವಲ ಗೋಡೆಯಿಂದ ಅಳೆದು "ಅತ್ತು" ಎಂದು ಕೂಗಿದ್ದ. ಹಾಸು ಸುತ್ತಿಟ್ಟ ಮೇಲೆ ನಡುವಿನದನ್ನು ಅಳೆದು ಸೇರಿಸುವುದೆಂದು ಇಬ್ಬರೂ ಅಂದುಕೊಂಡರು. ಸರ್ವೇಯರಿಗೆ ಯಳಂದೂರಿನ ಬಸ್ಸಿನ ಆತುರ. ಹನ್ನೊಂದಕ್ಕೆ ಹತ್ತು ಕೂಡಿಸಿ ಪುಸ್ತಕ ಮುಚ್ಚಿ ಹೊರಟೇಬಿಟ್ಟರು. ಮಧ್ಯಾಹ್ನ ಇವರಿಬ್ಬರೂ ನಡುವನ್ನು ಅಳೆದರು, ಒಂಬತ್ತು ಕೊಂಡಿ. ಸರ್ವೇಯರು ವಾರ ಬಿಟ್ಟು ಬಂದಾಗ ನಕ್ಷೆಯ ಗೆರೆಗಳಿಗೆ ಮಸಿ ಬಿದ್ದು ಕಾಯಮ್ಮಾಗಿತ್ತು. ಮಸಿ ಬಿದ್ದ ನಕ್ಷೆ ತಪ್ಪು ಎಂದು ಆ ಮನುಷ್ಯನಿಗೆ ಹೇಳುವುದಕ್ಕಿಂತ ಚಿರತೆಯ ಬಾಯಿಗೆ ಕೈಯಿಡುವುದು ಸುಲಭವಾಗಿತ್ತು. "ಬೀದಿ ಎಲ್ಲೋಯ್ತದೆ, ಇದ್ದಂಗೆ ಇರ್ತದೆ" ಎಂದುಕೊಂಡು ಸುಮ್ಮನಾದರು.

ಈಗ ಬೀದಿಯೇ ಹೋಗುವ ಹೊತ್ತು ಬಂದಿತ್ತು. ಆರು ಅಡಿ ಹೋದರೆ ಒಂದೇ ಹಾಸಿನ ಜಾಗ, ಎರಡನೆಯದನ್ನು ಬಿಗಿದರೆ ಪಕ್ಕ ನಿಂತು ಕೆಲಸ ಮಾಡಲು ಮೈ ಹಿಡಿಯುವುದಿಲ್ಲ. ಇಪ್ಪತ್ತನಾಲ್ಕು ಮನೆಯ ಮಗ್ಗಕ್ಕೆ ಇದೊಂದೇ ಬೀದಿ.

ಹಾಸುಬೀದಿಗೆ ನಡೆದು ಹೋಗುವಾಗ ಹನುಮಯ್ಯ ಅವನ ತೋಳು ಹಿಡಿದು ಹಿಂದಕ್ಕೆಳೆದ.

"ಲೇ, ಬಾಯಿ ಬುಟ್ಟೀಯೆ. ಮೂರು ವರ್ಸ ಅದೆ ನಿಂಗೆ. ನಂಗೆ ಐದು."

"ನಾನೆಲ್ಲಿ ಬಾಯಿ ಬುಟ್ಟೆ?"

"ಬಾಯಿ ಬುಟ್ಟಿಲ್ಲ, ಮೊಕದಲ್ಲಿ ಬರ್ಕಂಡಿದ್ದೀಯ. ಆ ಜಪಾನಿನವ್ರಿಗೂ ಓದಕ್ಕಾಯ್ತದೆ."

ಬೀದಿಯಲ್ಲಿ ಎರಡು ಹಾಸು ಬಿಗಿದಿದ್ದರು. ಒಂದು ಅರಿಸಿನದ ಬಣ್ಣ, ಒಂದು ಎಳೆ ಹಸಿರು. ಎಳೆಬಿಸಿಲಲ್ಲಿ ಅವು ನೀರಿನ ಎರಡು ಕಾಲುವೆಗಳಂತೆ ಹೊಳೆಯುತ್ತಿದ್ದವು. ಬೀದಿಯ ಹಿರಿಯಳಾದ ಸರಸ್ವತಮ್ಮ ಆಚೆ ಬದಿಯಲ್ಲಿ ನಿಂತು ಎಳೆ ಕೂಡಿಸುತ್ತಿದ್ದಳು. ಅತಿಥಿಯನ್ನು ಅವಳೊಡನೆ ಮಾತಾಡಿಸಬೇಕಿತ್ತು. ಗುರುಪಾದಸ್ವಾಮಿಯವರು ಪ್ಯಾಂಟು ಎಳೆದುಕೊಂಡು, ಒಂದು ದಾಪಿಗೆ ದಾಟಲು ಕಾಲೆತ್ತಿದರು.

"ಅಯ್ಯೋ ಬುದ್ಧಿ, ಕಾಲ್ ಇಳ್ಸಿ" ಎಂದಳು ಸರಸ್ವತಮ್ಮ. "ಅಷ್ಟ್ ಅವಸರ ಇದ್ರೆ ಅಲ್ಲಿಂದ್ಲೇ ಮಾತಾಡಿ, ನಮ್ಗೆ ಕಿವಿ ಕೇಳ್ತದೆ."

ಕಾಲು ಗಾಳಿಯಲ್ಲಿ ಹಾಗೆಯೇ ಉಳಿಯಿತು. ಅತಿಥಿಯ ಮುಂದೆ ಸಂಕೋಚವಾಗಿ ಅಧಿಕಾರಿಗಳು ಹಿಂದೆ ತಿರುಗಿದರೆ, ಅತಿಥಿಯೇ ಅಲ್ಲಿರಲಿಲ್ಲ. ಮಿಜುನೋ ಬೀದಿಯ ಆ ತುದಿಯಲ್ಲಿ, ಹಾಸು ಕಟ್ಟಿದ ಕಂಬವನ್ನು ಸುತ್ತಿ, ಆಚೆ ಬದಿಯಿಂದ ನಡೆದು ಬರುತ್ತಿದ್ದರು. ಬೂಟು ಕೈಯಲ್ಲಿತ್ತು. ನಲವತ್ತು ಗಜ ಹೋಗಿ ನಲವತ್ತು ಗಜ ಬಂದವರು ಸರಸ್ವತಮ್ಮನ ಮುಂದೆ ನಿಂತು ಬಗ್ಗಿ ನಮಸ್ಕರಿಸಿದರು.

"ಇವ್ರಿಗೆ ಯಾರು ಏಳ್ಕೊಟ್ರು?" ಎಂದಳು ಅವಳು.

ಗುರುಪಾದಸ್ವಾಮಿಯವರೂ ಸುತ್ತಿ ಬಂದು ಕೇಳಿ ಹೇಳಿದರು. "ಅವರ ತಾಯಿ ರೇಷ್ಮೆ ನೇಯುವವರಂತೆ. ಚಿಕ್ಕಂದಿನಲ್ಲಿ ಒಮ್ಮೆ ದಾಟಿದ್ದಕ್ಕೆ ಬಿದಿರು ಕಡ್ಡಿಯಲ್ಲಿ ಬಾರಿಸಿದ್ದರಂತೆ."

"ಒಳ್ಳೆ ತಾಯಿ" ಎಂದಳು ಸರಸ್ವತಮ್ಮ, ಎಳೆ ಕೂಡಿಸುತ್ತಲೇ.

ಮಿಜುನೋ ಪುಸ್ತಕ ತೆಗೆದು ಮೊದಲ ಪ್ರಶ್ನೆ ಕೇಳಿದರು. ಈ ಬೀದಿ ಯಾರದು?

"ಬೀದಿ ಬೀದೀದೇ. ಮೊದ್ಲು ಇದು ಏಳು ಮೊಳದ ಕಾಲ್ದಾರಿ. ನಮ್ಮ ತಾತನ ಕಾಲದಲ್ಲಿ ಎರಡೂ ಕಡೆಯೋರು ಮನೆ ಮುಂದ್ಲ ಜಾಗದಲ್ಲಿ ಮೂರು ಮೂರು ಮೊಳ ಬುಟ್ಟುಕೊಟ್ರು. ಏಳೂ ಆರೂ ಅದಿಮೂರು. ಹಾಸು ಬಿಗಿಯಾಕೆ ಬೇಕಲ್ಲ."

ಅಧಿಕಾರಿಗಳು ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದಂತೆ ಮಿಜುನೋ ಅವರ ಪೆನ್ಸಿಲು ಓಡತೊಡಗಿತು. ಅವರೂ ಮಾತಿಗಿಳಿದರು. ಯುದ್ಧದಲ್ಲಿ ಅವರ ಊರು ಸುಟ್ಟುಹೋಗಿತ್ತು. ಮತ್ತೆ ಕಟ್ಟುವಾಗ ಪ್ರತಿಯೊಬ್ಬರೂ ತಮ್ಮ ನೆಲದಲ್ಲಿ ಇಷ್ಟು ಪಾಲೆಂದು ಬಿಟ್ಟುಕೊಟ್ಟರು. ಬೀದಿ ನೇರವಾಯಿತು, ಉಳಿದ ನೆಲಕ್ಕೆ ಗಾಳಿ ಬೆಳಕು ಬಂತು. ಆ ಗೆರೆ ಎಳೆದವರಲ್ಲಿ ಅವರೂ ಒಬ್ಬರು. ಆದರೆ ಚೂರೇ ಚೂರು ನೆಲ ಇದ್ದವರು ಅತ್ತುಬಿಟ್ಟರು. ಅವರಿಗೆ ಏನು ಮಾಡಬೇಕೆಂದು ಎರಡು ವರ್ಷ ಜಗಳವಾಯಿತು. ನೀವು ಏನು ಮಾಡಿದಿರಿ?

"ಮೂಲೆ ಮನೆ ಗೋವಿಂದಯ್ಯನೋರ್ದು ಇದ್ದುದ್ದೇ ಅಷ್ಟು ಜಾಗ" ಎಂದು ಸರಸ್ವತಮ್ಮ ಎರಡೂ ಕೈ ಚಾಚಿ ತೋರಿಸಿದಳು. "ಅವರ ತಾತನೂ ಮೂರು ಮೊಳ ಬುಟ್ಟ. ಅದ್ಕೆ ಬೆಳಗಿನ ಮೊದಲ ಹಾಸು ಯಾವತ್ತೂ ಅವರ್ದೇ. ಬಿಸಿಲು ಏರೋಕೆ ಮುಂಚೆ ನೂಲು ಮೆತ್ತಗಿರ್ತದಲ್ಲ, ಆ ಹೊತ್ತು. ನಾಕು ತಲೆ ಆಯ್ತು, ಒಬ್ಬರೂ ಕಿತ್ಕಂಡಿಲ್ಲ. ಅದೋ, ಆ ಅರಿಸ್ನದ ಹಾಸು ಅವರ್ದೇ."

ಮಿಜುನೋ ಬಹಳ ಹೊತ್ತು ಆ ಅರಿಸಿನದ ಹಾಸನ್ನೇ ನೋಡಿದರು. ನೆಲ ಕೊಟ್ಟವನಿಗೆ ಹೊತ್ತನ್ನು ಕೊಡಬಹುದೆಂದು ನಮಗೆ ಹೊಳೆಯಲೇ ಇಲ್ಲ ಎಂದರು.

"ಕೇಳಿ ಅವರ್ನ, ಆ ಊರಲ್ಲಿ ಗೆರೆ ಎಳೆಯೋ ಮುಂಚೆ ಹೆಂಗಸರನ್ನ ಕೇಳಿದ್ರಾ ಅಂತ" ಎಂದಳು ಸರಸ್ವತಮ್ಮ.

ಅಧಿಕಾರಿಗಳು ಕೇಳಿದರು. ಮಿಜುನೋ ಕೆಂಪಗಾದರು. "ಇಲ್ಲವಂತೆ" ಎಂದರು ಅಧಿಕಾರಿಗಳು. "ಅವರ ತಾಯಿ ಅದಕ್ಕೇ ಒಂದು ತಿಂಗಳು ಮಾತು ಬಿಟ್ಟಿದ್ದರಂತೆ."

ಬೀದಿಗೆ ಬೀದಿಯೇ ನಕ್ಕಿತು. ಜಡೇಸ್ವಾಮಿಯೂ ನಕ್ಕ. ಅಷ್ಟರಲ್ಲಿ ಮಿಜುನೋ ಪುಸ್ತಕದ ಚೌಕಗಳಲ್ಲಿ ಏನೋ ಲೆಕ್ಕ ಹಾಕಿ, ನಕ್ಷೆ ಕೇಳಿ ಪಡೆದು, ಬೆರಳಿಟ್ಟರು. ಹದಿಮೂರು ಮೊಳವೆಂದರೆ ಹತ್ತಿರಹತ್ತಿರ ಇಪ್ಪತ್ತು ಅಡಿ ಆಗಬೇಕಲ್ಲ, ಇಲ್ಲಿ ಹದಿನಾಲ್ಕಿದೆಯಲ್ಲ?

ಗುರುಪಾದಸ್ವಾಮಿಯವರ ದನಿ ಸ್ವಲ್ಪ ಗಟ್ಟಿಯಾಯಿತು. ಕನ್ನಡದಲ್ಲೇ ಹೇಳಿದರು. "ಅಮ್ಮಾ, ಅದು ನಿಮ್ಮ ನೆನಪು. ಕಾಗದದಲ್ಲಿ ಬೀದಿ ಹದಿನಾಲ್ಕೇ ಅಡಿ. ಮಿಕ್ಕಿದ್ದು ಯಾರದ್ದೂ ಅಲ್ಲ. ಅಲ್ಲಿ ಅಂಗಡಿ ಬರುತ್ತೆ. ನಿಮ್ಮ ಮಕ್ಕಳಿಗೂ ಒಂದೆರಡು ಸಿಗಬಹುದು."

ಎಳೆ ಕೂಡಿಸುತ್ತಿದ್ದ ಕೈಗಳೆಲ್ಲ ನಿಂತವು. ಸರಸ್ವತಮ್ಮ ಅಧಿಕಾರಿಗಳನ್ನು ನೋಡಲಿಲ್ಲ. ಹಾಸಿನ ಈಚೆ ಬದಿಯಲ್ಲೇ ಉಳಿದು, ಚೈನು ಹೊತ್ತು ನಿಂತಿದ್ದ ಜಡೇಸ್ವಾಮಿಯ ಕಡೆ ತಿರುಗಿದಳು.

"ಜಡೇಸ್ವಾಮಣ್ಣ, ಕಾಗದ ನಂಗೆ ಓದಕ್ಕೆ ಬರಾಕಿಲ್ಲ. ಅವತ್ತು ಅಳ್ದೋನು ನೀನು. ಅದಿನಾಲ್ಕೇ ಅಡಿ ಅಂತ ನೀನು ಒಂದ್ ಮಾತು ಏಳು, ನಾಳೆಯಿಂದ ನಾವು ಬಾಯಿ ಮುಚ್ಕಂಡಿರ್ತೀವಿ."

ಹನುಮಯ್ಯ ಕೆಮ್ಮಿದ. ಇನ್ನೊಂದು ಸಲ ಕೆಮ್ಮಿದ. ಜಡೇಸ್ವಾಮಿಗೆ ಬೈಗುಳ ತಡೆಯುವುದು ಗೊತ್ತಿತ್ತು, ಬಿಸಿಲು ತಡೆಯುವುದು ಗೊತ್ತಿತ್ತು. ಈ ನಂಬಿಕೆಯನ್ನು ತಡೆಯುವುದು ಗೊತ್ತಾಗಲಿಲ್ಲ. ಹೇಳಿದರೆ ಮೂವತ್ತು ವರ್ಷದ ಹೆಸರು ಇವತ್ತಿಗೆ ಮುಗಿಯಿತು. ಹೇಳದಿದ್ದರೆ ಹೆಸರು ಉಳಿಯುತ್ತದೆ, ಆದರೆ ಇಪ್ಪತ್ತನಾಲ್ಕು ಮನೆ ಅದಕ್ಕೆ ನೆಲ ತೆರಬೇಕಾಗುತ್ತದೆ. ಅವನು ಚೈನನ್ನು ಮೆಲ್ಲಗೆ ನೆಲಕ್ಕಿಳಿಸಿದ.

"ಅದಿನಾಲ್ಕಲ್ಲ ಕಣಕ್ಕ. ಸಾ, ಆ ಇಪ್ಪತ್ತೊಂದು ಕೊಂಡಿ ನಾನು ಮಾಡಿದ ತಪ್ಪು."

"ಏನಂದೆ?"

"ಅವತ್ತೂ ಇಂಗೇ ಎರಡು ಹಾಸಿತ್ತು ಸಾ. ಚೈನು ದಾಟಿಸ್ನಿಲ್ಲ. ಮೂಡ್ಲ ಕಡೆ ಅನ್ನೊಂದು ಅಂತ ನಾನು ಕೂಗ್ದೆ. ನಡುವಿನ ಒಂಬತ್ತು ಕೊಂಡಿ ಹಾಸಿನ ಕೆಳಗೇ ಉಳ್ಕತ್ತು. ಆಮ್ಯಾಕೆ ಅದನ್ನೂ ಅಳ್ದೆ. ಸರ್ವೇಯರ್ಗೆ ಏಳೋಕೆ ಧೈರ್ಯ ಬರ್ನಿಲ್ಲ."

ಹನುಮಯ್ಯ ಟವೆಲಿನಿಂದ ಮುಖ ಒರೆಸಿಕೊಂಡ.

"ಪಡುವಲ ಕಡೆ ಅತ್ತು ಅಂತ ಕೂಗ್ದೋನು ನಾನೇ ಸಾ" ಎಂದ. "ಇವನೊಬ್ನೇ ಯಾಕೆ ಒಳ್ಳೇವ್ನಾಗ್ಬೇಕು."

ಮೊದಲು ನಕ್ಕವಳು ಸರಸ್ವತಮ್ಮ. "ಅನ್ನೊಂದು ವರ್ಸ ಹೊಟ್ಟೇಲಿ ಮಡಿಕ್ಕಂಡಿದ್ರಾ ಇಬ್ರೂ? ಅಂದೇ ಏಳಿದ್ರೆ ಒಂದು ಲೋಟ ಮಜ್ಜಿಗೆ ಆದ್ರೂ ಕೊಡ್ತಿದ್ವಲ್ಲಪ್ಪ."

ಗುರುಪಾದಸ್ವಾಮಿಯವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಹತ್ತು ಅಂಗಡಿಗಳು ಅವರ ಕಣ್ಣ ಮುಂದೆಯೇ ಒಂದೊಂದಾಗಿ ಬಾಗಿಲು ಹಾಕಿಕೊಳ್ಳುತ್ತಿದ್ದವೋ ಏನೋ. ಆದರೆ ಅವರು ಕೆಟ್ಟ ಮನುಷ್ಯರಲ್ಲ. ಮಿಜುನೋಗೆ ಎಲ್ಲವನ್ನೂ, ತಮಗೆ ಕಹಿಯಾದದ್ದನ್ನೂ ಬಿಡದೆ, ಇಂಗ್ಲಿಷಿನಲ್ಲಿ ಹೇಳಿದರು. ಕೇಳುತ್ತಾ ಮಿಜುನೋ ಮೆಲ್ಲಗೆ ತಮ್ಮ ಬೂಟನ್ನು ಗೋಡೆಯ ಬುಡದಲ್ಲಿಟ್ಟು, ಬರಿಗಾಲಲ್ಲಿ, ಮತ್ತೆ ಅಷ್ಟೂ ದೂರ ಸುತ್ತಿಕೊಂಡು ಬಂದು ಜಡೇಸ್ವಾಮಿಯ ಪಕ್ಕ ನಿಂತರು.

ಬಿಸಿಲು ಏರಿತು. ಗೋವಿಂದಯ್ಯನ ಮನೆಯವರು ಅರಿಸಿನದ ಹಾಸನ್ನು ಸುತ್ತಿದರು, ಹಸಿರಿನವರೂ ಸುತ್ತಿದರು. ಬರಿದಾದ ಬೀದಿಗೆ ಅಡ್ಡಲಾಗಿ ಜಡೇಸ್ವಾಮಿ ಚೈನು ಎಳೆದ. ಮೂಡಲ ಗೋಡೆಯ ಹಿಡಿ ತಾನು ಹಿಡಿಯುತ್ತೇನೆಂದು ಮಿಜುನೋ ಹಟ ಹಿಡಿದರು. ಹನುಮಯ್ಯ, "ನನ್ನ ಕೆಲಸಕ್ಕೆ ಜಪಾನಿನಿಂದ ಆಳು ಕರ್ಸವ್ರೆ" ಎಂದು ಗೊಣಗುತ್ತಾ ಜಾಗ ಬಿಟ್ಟುಕೊಟ್ಟ. ಜಡೇಸ್ವಾಮಿ ಬಿಲ್ಲೆ ನೋಡಿ, ಬಗ್ಗಿ ಕೊಂಡಿ ಎಣಿಸಿ, ಬೀದಿಗೆಲ್ಲ ಕೇಳುವಂತೆ ಕೂಗಿದ.

"ಮೂವತ್ತು."

ಅಧಿಕಾರಿಗಳು ತಾವೇ ಬಗ್ಗಿ ಎಣಿಸಿದರು. ಆಮೇಲೆ ಜಗುಲಿಯ ಮೇಲೆ ಕುಳಿತು, ನಕ್ಷೆ ತೊಡೆಯ ಮೇಲಿಟ್ಟು, ಅಂಗಡಿಯ ಸಾಲಿನ ಮೇಲೆ ಪೆನ್ಸಿಲಿನಿಂದ ಉದ್ದಕ್ಕೆ ಗೀಟು ಹೊಡೆದರು. ಹೆಂಗಸರು ಮಜ್ಜಿಗೆ ತಂದರು. ಅಧಿಕಾರಿಗಳಿಗೆ ಎರಡು ಲೋಟ ಕೊಟ್ಟರು.

"ಆದರೂ ಜಡೇಸ್ವಾಮಿ, ನೀನೊಂದು ಸಮಜಾಯಿಷಿ ಬರೆದುಕೊಡಬೇಕು ಕಣಯ್ಯ. ಇಲ್ಲದಿದ್ದರೆ ಮೇಲಿನವರು ಒಪ್ಪಲ್ಲ. ನಾನೇ ಬರೀತೀನಿ, ನೀನು ಸಹಿ ಹಾಕು. ತಪ್ಪಿಗೆ ಕಾರಣ, ಅಜಾಗರೂಕತೆ ಅಂತ ಹಾಕಲಾ?"

"ಬ್ಯಾಡಿ ಸಾ. ಜಾಗ್ರತೆಯಿಂದ್ಲೇ ಮಾಡಿದ್ದು. ನೂಲಿಗೆ ಏನೂ ಆಗ್ಬಾರ್ದು ಅಂತ."

"ಹಾಸು ದಾಟಲಿಲ್ಲ ಅಂತ ಸರ್ಕಾರಿ ಕಾಗದದಲ್ಲಿ ಹೇಗೆ ಬರೆಯಲಿ?"

"ಆದದ್ದ ಆದಂಗೆ ಬರೀರಿ. ಬೈದ್ರೆ ಬೈಸ್ಕೊತೀನಿ, ಶಿಕ್ಷೆ ಕೊಟ್ರೆ ತಕತೀನಿ. ಸುಳ್ ಕಾರಣಕ್ಕೆ ಬ್ಯಾಡ."

ಮಿಜುನೋ ಏನು ಮಾತೆಂದು ಕೇಳಿದರು. ತಿಳಿದ ಮೇಲೆ, ಹಾಗೇ ಬರೆಯಬೇಕು, ಸಾಕ್ಷಿಗೆ ತಾನೂ ಸಹಿ ಹಾಕುತ್ತೇನೆ, ಇದರ ಒಂದು ನಕಲು ತನಗೂ ಬೇಕು ಎಂದರು. ಗುರುಪಾದಸ್ವಾಮಿಯವರು ಅದು ಆಗದ ಮಾತೆಂದು ಇಂಗ್ಲಿಷಿನಲ್ಲಿ ವಿವರಿಸತೊಡಗಿದರು. ಇಬ್ಬರ ವಾದ ಬೆಳೆಯಿತು. ಜಡೇಸ್ವಾಮಿ ಲೋಟ ಕೆಳಗಿಟ್ಟು ಎದುರು ಮನೆಗಳ ಸಂದಿಯಲ್ಲಿ ಕಾಣುವ ಹಿತ್ತಿಲ ಗೋಡೆಯನ್ನೇ ನೋಡುತ್ತಿದ್ದ.

"ಅನುಮ, ಅವತ್ತು ಇದಾದ್ಮ್ಯಾಕೆ ನಾವು ಎಲ್ಗೆ ಹೋದೋ?"

"ಹಿಂದ್ಲ ಬೀದಿಗೆ" ಎಂದ ಹನುಮಯ್ಯ. ಎಂದವನ ಕೈಯ ಲೋಟ ತುಟಿಯ ಹತ್ತಿರವೇ ನಿಂತಿತು. "ಲೇ, ಬ್ಯಾಡ ಕಣ್ಲಾ. ಒಂದಿನಕ್ಕೆ ಒಂದು ಸಾಕು."

"ಅಲ್ಲೂ ಹಾಸಿತ್ತಾ?"

"ಇತ್ತೋ ಏನೋ. ಸಂಜೆ ಆಗಿತ್ತು. ನಂಗೆ ಜ್ಞಾಪಕ ಇಲ್ಲ."

"ನಂಗೂ ಇಲ್ಲ. ಅಳೆದ್ರೆ ಗೊತ್ತಾಯ್ತದೆ."

ಜಡೇಸ್ವಾಮಿ ಚೈನನ್ನು ಮಡಿಸಿ ಹೆಗಲಿಗೇರಿಸಿದ. ಅಷ್ಟರಲ್ಲಿ ಗುರುಪಾದಸ್ವಾಮಿಯವರು ಕಾಗದದಿಂದ ತಲೆಯೆತ್ತಿದರು. "ಆಯ್ತು, ಇವರು ಹೇಳಿದ ಹಾಗೇ ಬರೀತೀನಿ. ಕೇಳಿಲ್ಲಿ. ಇವರದ್ದೊಂದು ಪ್ರಶ್ನೆ ಇದೆಯಂತೆ ನಿನಗೆ. ಊರಿನ ನೆಲದ ಬಗ್ಗೆ ಮೂವತ್ತು ವರ್ಷದಲ್ಲಿ ನೀನು ಕಲಿತದ್ದು ಏನು ಅಂತ, ಅವರ ಊರಿನವರಿಗೆ ಹೇಳಬೇಕಂತೆ, ಸ್ವಲ್ಪ ಯೋಚಿಸಿ..."

"ಬಂದೆ ಸಾ" ಎಂದು ಜಡೇಸ್ವಾಮಿ ತಿರುಗಿಯೂ ನೋಡದೆ ಹಿಂದಿನ ಬೀದಿಯ ಕಡೆಗೆ ನಡೆದ.